ಕೂಪರೇಜಿನ ಗ್ಯಾಲರಿ, ಕಾಳಿಂಗರಾಯರ ಕಂಠ

ಮುಂಬಯಿಯ ಫೋರ್ಟಿನ ಉಡುಪಿ ಹೋಟೆಲುಗಳಲ್ಲಿ ಲೋಟ ತೊಳೆದು, ಮೇಜು ಒರಸಿ ಬೆಳೆದ ನಮ್ಮ ತಲೆಮಾರಿನವರಿಗೆ 1960ರ ದಶಕದಲ್ಲಿ ಇದ್ದ ವಿಲಾಸಗಳು ಎರಡೇ: ಕೂಪರೇಜ್ ಮೈದಾನದ ಕಾಲ್ಚೆಂಡಾಟ ಮತ್ತು ಪಿ. ಕಾಳಿಂಗರಾಯರ ಹಾಡು.

ವಾರದ ರಜೆ ದೊರೆತ ಮಾಣಿಯೂ ಆಫೀಸು ಬಿಟ್ಟ ಗುಮಾಸ್ತನೂ ಅಗ್ಗದ ಟಿಕೇಟಿನ ಗ್ಯಾಲರಿಯಲ್ಲಿ ಭುಜಕ್ಕೆ ಭುಜ ತಾಗಿಸಿ ಕುಳಿತರೆ, ಆಟ ಮುಗಿಯುವ ತನಕ ಗಲ್ಲಾದ ಧಣಿಗಳ ನೆನಪೇ ಬರುತ್ತಿರಲಿಲ್ಲ. ಪಕ್ಕದಲ್ಲಿ ಕುಳಿತ ಗೋವೆಯವರು, 1956ರ ಮೆಲ್ಬೋರ್ನ್ ಒಲಿಂಪಿಕ್ಸಿನಲ್ಲಿ ಆಸ್ಟ್ರೇಲಿಯದ ಮೇಲೆ ಮೂರು ಗೋಲು ಹೊಡೆದ ನೆವಿಲ್ ಡಿಸೋಜಾರನ್ನು ತಮ್ಮ ಮನೆಯ ಮಗನೆಂಬಂತೆ ಹೊಗಳುತ್ತಿದ್ದರು. ನಾವೂ ಬಿಡುತ್ತಿರಲಿಲ್ಲ. 1891ರಲ್ಲಿ ಆರಂಭವಾದ ರೋವರ್ಸ್ ಕಪ್ಪನ್ನು 1937ರಲ್ಲಿ ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್; ಮರುವರ್ಷವೂ ಕಪ್ ಅವರದೇ. ನಮ್ಮ ಅಡಿಗೆಮನೆಯ ಹಿರಿಯ ಭಟ್ಟರು ಆ ಕಥೆಯನ್ನು ಸ್ವತಃ ಕಂಡವರಂತೆ ವರ್ಣಿಸುತ್ತಿದ್ದರು. ಕಂಡಿದ್ದರೋ ಇಲ್ಲವೋ, ಕೇಳುವ ಧೈರ್ಯ ಯಾರಿಗಿತ್ತು?

ವಿಚಿತ್ರವೆಂದರೆ, ಬೆಂಗಳೂರನ್ನು ಕಣ್ಣಾರೆ ಕಂಡವರು ನಮ್ಮಲ್ಲಿ ಬೆರಳೆಣಿಕೆಯಷ್ಟು. ದಕ್ಷಿಣ ಕನ್ನಡವು ಮದರಾಸು ಪ್ರಾಂತವನ್ನು ಬಿಟ್ಟು ಮೈಸೂರು ರಾಜ್ಯವನ್ನು ಸೇರಿದ್ದೇ 1956ರಲ್ಲಿ. ಆದರೂ 1967 ಮತ್ತು 1968ರಲ್ಲಿ ಮೈಸೂರು ತಂಡವು ಸಂತೋಷ್ ಟ್ರೋಫಿಯನ್ನು ಗೆದ್ದಾಗ, ತುಳು ಮಾತಿನ ಹುಡುಗರು ಹಂಡೆ ಬಡಿದು ಕುಣಿದರು. ಏಕೀಕರಣದ ಸಭೆಗಳಲ್ಲಿ ಮಾಡಿದ ಭಾಷಣಗಳಿಗಿಂತ ಆ ಹಂಡೆಯ ಸದ್ದೇ ನಮಗೆ ಹೆಚ್ಚು ತಿಳಿಯಿತೆಂದರೆ ಹಿರಿಯರು ಕ್ಷಮಿಸಬೇಕು.

ಆಟ ಮುಗಿಸಿ ನಡೆದು ಮರಳುವಾಗ ಬಾಯಲ್ಲಿ ಇರುತ್ತಿದ್ದುದು ಕಾಳಿಂಗರಾಯರ ಧಾಟಿ. 1914ರಲ್ಲಿ ಇಂದಿನ ಉಡುಪಿ ಜಿಲ್ಲೆಯ ಆರೂರಿನಲ್ಲಿ ಹುಟ್ಟಿದ ಅವರು ನಮ್ಮ ಕಡೆಯವರೆಂಬ ಸಲಿಗೆ ಬೇರೆ! ಆದರೆ ನಾವು ಅವರ ಹಾಡನ್ನು ಕೇಳಿದ್ದು ತಟ್ಟೆಗಳ ಸಪ್ಪಳದ ನಡುವೆ. ಬಳಿಕ ಸಿನಿಮಾ ಗೀತೆಗಳು ಬಂದವು, ಸಂಸಾರ ಬಂತು, ರಾಯರು ಮರೆತುಹೋದರು. 1981ರಲ್ಲಿ ಅವರು ತೀರಿಕೊಂಡ ಸುದ್ದಿಯನ್ನೂ ಓದಿ ಪುಟ ಮಗುಚಿದೆವು.

ಈಚೆಗೆ ಮೊಮ್ಮಗನ ಮೊಬೈಲಿನಲ್ಲಿ ಆ ಕಂಠ ಮತ್ತೆ ಕೇಳಿಬಂತು. ಅರವತ್ತು ವರ್ಷಗಳ ಮೇಲೆ ನಿಶ್ಶಬ್ದದಲ್ಲಿ ಕೇಳಿದಾಗ ಅದು ಬೇರೆಯೇ ಹಾಡಾಗಿತ್ತು. ಬೇಂದ್ರೆ, ಕುವೆಂಪು ಅವರ ಕವಿತೆಗೆ ಧಾಟಿ ಹಚ್ಚಿದ ರಾಯರು ಒಂದಕ್ಷರವನ್ನೂ ನುಂಗುವುದಿಲ್ಲ. ಮೋಹನಕುಮಾರಿ, ಸೋಹನಕುಮಾರಿ ಸೋದರಿಯರ ದನಿ ಬೆನ್ನಿಗೆ ಬಂದರೂ ಕವಿಯ ಮಾತು ಮೇಲೆಯೇ ನಿಲ್ಲುತ್ತದೆ. ರಾಜರತ್ನಂ ಅವರ ‘ರತ್ನನ ಪದಗಳು’ ಹಾಡುವಾಗಲಂತೂ ಕರಾವಳಿಯ ಈ ಗಾಯಕನ ನಾಲಗೆಯಲ್ಲಿ ಮೈಸೂರು ಸೀಮೆಯ ಕುಡುಕನ ಆಡುಮಾತು ಕುಲುಕುತ್ತದೆ. ರಾತ್ರಿಶಾಲೆಯ ಮೆಟ್ಟಿಲನ್ನೂ ಹತ್ತದ ನಮ್ಮ ಗೆಳೆಯನೊಬ್ಬನು ಆ ಪದಗಳನ್ನು ಸಂಪೂರ್ಣವಾಗಿ ಬಲ್ಲವನಾಗಿದ್ದ. ಅವನು ಓದಿದ ಕಾವ್ಯವೆಲ್ಲ ಕಿವಿಯಿಂದಲೇ, ಕೊಟ್ಟವರು ಕಾಳಿಂಗರಾಯರು. ಇದು ನಮಗೆ ಹೊಳೆದದ್ದು ಅವನು ಹೋದ ಮೇಲೆ.

ರೋವರ್ಸ್ ಕಪ್ ಇಪ್ಪತ್ತು ವರ್ಷಗಳಿಗೂ ಹಿಂದೆಯೇ ನಿಂತುಹೋಗಿದೆ. ರಾಯರ 78 ಸುತ್ತಿನ ಅರಗಿನ ತಟ್ಟೆಗಳು ಇಂದಿಗೂ ಕೆಲವರ ಅಟ್ಟದಲ್ಲಿರಬಹುದು. ಮಗ್ಗುಲಿಗೆ ಮೂರು ನಿಮಿಷದ ಹಾಡು. ಕೈ ಜಾರಿದರೆ ಚೂರು. ವಾಚಕರಲ್ಲಿ ಯಾರ ಬಳಿಯಾದರೂ ಇದ್ದರೆ ಗುಜರಿಗೆ ಹಾಕದೆ, ಊರಿನ ಕನ್ನಡ ಸಂಘಕ್ಕೆ ತಿಳಿಸಬೇಕಾಗಿ ವಿನಂತಿ.