ಕೊಟ್ಟ ಹೇಳಿಕೆಗಳು ಸಾಕೇ?

ಹೋಟೆಲಿನ ದುಡಿಮೆ ಮುಗಿಸಿ ಬ್ಯಾಂಕ್ ಪರೀಕ್ಷೆಗೆ ಓದುವ ನೌಪಾಡಾದ ನಮ್ಮ ತರುಣರನ್ನು ಒಂದು ಬಗೆಯ ಲೆಕ್ಕವು ತೊಡಕಿಗೆ ಸಿಲುಕಿಸುತ್ತದೆ. ಅದು ಕೇಳುವುದು ದೂರವನ್ನಲ್ಲ. ದೂರವನ್ನರಿಯಲು ಕೊಟ್ಟ ಹೇಳಿಕೆಗಳು ಸಾಕೇ ಎಂಬುದನ್ನು.

ಮುಂಬಯಿ ಸಿಎಸ್‌ಎಂಟಿಯಿಂದ ಠಾಣೆಗೆ ರೈಲುದಾರಿ ಸುಮಾರು ೩೪ ಕಿಲೋಮೀಟರು, ಕಲ್ಯಾಣಕ್ಕೆ ೫೪. ಇವೆರಡರ ನಡುವೆ ೨೦ ಎನ್ನಲು ಇಷ್ಟೇ ಸಾಲದು. ಠಾಣೆಯು ಕಲ್ಯಾಣದ ಹಾದಿಯಲ್ಲಿಯೇ ಇದೆಯೆಂಬ ಮೂರನೆಯ ಹೇಳಿಕೆಯೂ ಬೇಕು. ವಾಶಿಗೆ ಸುಮಾರು ೨೯. ಹಾಗೆಂದು ಠಾಣೆಯಿಂದ ವಾಶಿಗೆ ೫ ಎಂದರೆ ತಪ್ಪಾದೀತು. ಹಾರ್ಬರ್ ಮಾರ್ಗವೇ ಬೇರೆ.

ನಿತ್ಯ ಲೋಕಲಿನಲ್ಲಿ ಓಡಾಡುವ ನಾವು, ಪ್ರಶ್ನೆಯಲ್ಲಿಲ್ಲದ ದಾರಿಯನ್ನು ಮನಸ್ಸಿನಿಂದಲೇ ಸೇರಿಸಿಬಿಡುತ್ತೇವೆ. ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುವ ಪರೀಕ್ಷೆಯಲ್ಲಿ ಆ ಅಭ್ಯಾಸ ದುಬಾರಿ. ಮೊದಲು ದಿಕ್ಕನ್ನು ಹುಡುಕೋಣ. ಸಾಕೆಂದು ಕಂಡಲ್ಲಿ ಕೂಡಿ ಕಳೆಯುತ್ತ ಹೊತ್ತುಗಳೆಯದೆ ಮುಂದಿನ ಪ್ರಶ್ನೆಗೆ ಸಾಗೋಣ.