ಆಂಡರ್ಸನ್‌ಪೇಟೆಯ ಯೋಗಕ್ಷೇಮ

ಒಂದೇ ದೇಶದಲ್ಲಿ ಒಂದು ಸೀಮೆ ಸಿರಿವಂತವೂ ಇನ್ನೊಂದು ಬಡವೂ ಆಗಿದ್ದರೆ, ಕಾಲಕ್ರಮದಲ್ಲಿ ಬಡಸೀಮೆಯು ವೇಗವಾಗಿ ಬೆಳೆದು ಸಿರಿವಂತ ಸೀಮೆಯ ಸಮೀಪಕ್ಕೆ ಬರುವುದೆಂದು ಹೇಳುವ ಒಂದು ಪಕ್ಷವು ಅರ್ಥಶಾಸ್ತ್ರಜ್ಞರಲ್ಲುಂಟು. ಕೂಲಿ ಅಗ್ಗವಾದಲ್ಲಿಗೆ ಬಂಡವಾಳವು ಹೋಗುವುದು; ಕೂಲಿ ಹೆಚ್ಚಾದಲ್ಲಿಗೆ ಜನರು ಹೋಗುವರು; ಹೀಗೆ ಎರಡು ಕಡೆಯ ವರಮಾನವೂ ಸಮವಾಗುತ್ತ ಬರುವುದೆಂಬುದು ಅವರ ವಾದ. ಇದು ಎಷ್ಟರಮಟ್ಟಿಗೆ ದಿಟವೆಂಬುದನ್ನು ಕೋಲಾರದ ಚಿನ್ನದ ಗಣಿಗಳ ಮಗ್ಗುಲಲ್ಲಿರುವ ಆಂಡರ್ಸನ್‌ಪೇಟೆಯನ್ನು ಮುಂದಿಟ್ಟುಕೊಂಡು ವಿಚಾರಿಸೋಣ.

ಬಂಡವಾಳವೇನೋ ಇಲ್ಲಿಗೆ ಬಂದಿತು. 1880ರ ಸುಮಾರಿಗೆ ಜಾನ್ ಟೇಲರ್ ಕಂಪನಿಯವರು ಲಂಡನ್ನಿನ ಹಣದಿಂದ ಗಣಿಗಾರಿಕೆಯನ್ನು ಕೈಗೊಂಡರು. ತಮಿಳು ತೆಲುಗು ಸೀಮೆಗಳಿಂದ ಸಾವಿರಾರು ಕುಟುಂಬಗಳು ಬಂದು ನೆಲಸಿದವು. 1902ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿಯು ಗಣಿಗಳಿಗೆ ಮುಟ್ಟಿತು. ಬೆಂಗಳೂರಿನ ಬೀದಿಗಳಿಗೆ ಆ ಬೆಳಕು ಬಂದುದು 1905ರಲ್ಲಿ. ಆದರೆ ಲಾಭವು ಲಂಡನ್ನಿನ ಪಾಲುದಾರರಿಗೂ ರಾಜಧನವು ಮೈಸೂರಿನ ಬೊಕ್ಕಸಕ್ಕೂ ಸಂದಿತು. ಚಿನ್ನವನ್ನು ಅಗೆದವನಿಗೆ ಉಳಿದುದು ದಿನದ ಕೂಲಿ, ತಟ್ಟಿಯ ಗುಡಿಸಲು ಮತ್ತು ಶ್ವಾಸಕೋಶದಲ್ಲಿ ಕಲ್ಲಿನ ಧೂಳು.

ನಮ್ಮ ಹಿರಿಯರು ಯೋಗವನ್ನೂ ಕ್ಷೇಮವನ್ನೂ ಬೇರೆಬೇರೆಯಾಗಿ ಎಣಿಸಿದರು. ಇಲ್ಲದುದನ್ನು ಪಡೆಯುವುದು ಯೋಗ. ಪಡೆದುದನ್ನು ಕಾಪಾಡಿಕೊಳ್ಳುವುದು ಕ್ಷೇಮ. ಗಣಿಯು ಈ ಊರಿಗೆ ಯೋಗವನ್ನು ತಂದಿತು, ಕ್ಷೇಮವನ್ನು ಕಟ್ಟಲಿಲ್ಲ. 1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ವಶವಾದವು. ಮುಂದೆ ಕೇಂದ್ರ ಸರ್ಕಾರದ ಕೈಸೇರಿದವು. ಗಣಿಯ ಆಳವು ಮೂರು ಕಿಲೋಮೀಟರನ್ನು ಮೀರಿತ್ತು; ಅದುರಿನಲ್ಲಿ ಚಿನ್ನವು ವಿರಳವಾಗಿ ವೆಚ್ಚವು ಏರಿತು. ಕಡೆಗೆ 2001ರ ಫೆಬ್ರವರಿ 28ರಂದು ಕೆಲಸವು ನಿಂತಿತು. ಅದರೊಡನೆ ಗಣಿಯ ಆಸ್ಪತ್ರೆಯ ಆಸರೆಯೂ ಹೋಯಿತು. 1964ರಲ್ಲಿ ಸ್ಥಾಪನೆಯಾದ ಭಾರತ್ ಅರ್ಥ್ ಮೂವರ್ಸ್ ಕಾರ್ಖಾನೆಯು ಕೆಲವರಿಗೆ ಅನ್ನ ಕೊಟ್ಟಿತು; ಎಲ್ಲರಿಗೂ ಕೊಡುವಷ್ಟು ಅದು ದೊಡ್ಡದಲ್ಲ.

ಆ ಬಳಿಕ ವಾದದ ಎರಡನೆಯ ಅರ್ಧವು ನಿಜವಾಯಿತು. ಜನರೇ ಕೂಲಿಯಿರುವಲ್ಲಿಗೆ ಹೊರಟರು. ಸಾವಿರಾರು ಮಂದಿ ಬೆಳಗಾಗುವ ಮೊದಲೇ ಬುತ್ತಿ ಕಟ್ಟಿಕೊಂಡು ರೈಲು ಹತ್ತಿ, ಬಂಗಾರಪೇಟೆಯ ಮಾರ್ಗವಾಗಿ ಸುಮಾರು ನೂರು ಕಿಲೋಮೀಟರು ದೂರದ ಬೆಂಗಳೂರಿಗೆ ಹೋಗಿ, ರಾತ್ರಿಗೆ ಮರಳುವರು. ಇದರಿಂದ ಮನೆಯ ವರಮಾನವು ನಗರದ ವರಮಾನಕ್ಕೆ ಕೊಂಚ ಹತ್ತಿರವಾಗುವುದು. ಆದರೆ ಆ ಮನೆಯಲ್ಲಿ ತಂದೆಯು ಮಕ್ಕಳನ್ನು ಕಾಣುವುದು ಅವು ಮಲಗಿದ ಮೇಲೆಯೇ. ಹಣದ ಲೆಕ್ಕದಲ್ಲಿ ಸಮತೆಯೆಂದು ತೋರುವುದು ಬಾಳಿನ ಲೆಕ್ಕದಲ್ಲಿ ಸಮತೆಯಾಗದು.

ಆದ್ದರಿಂದಲೇ, ಡಿ. ಎಂ. ನಂಜುಂಡಪ್ಪನವರ ಸಮಿತಿಯು ಪ್ರಾದೇಶಿಕ ಅಸಮತೆಯನ್ನು ಅಳೆಯುವಾಗ ವರಮಾನವೊಂದನ್ನೇ ನೋಡದೆ, ವ್ಯವಸಾಯ, ಕೈಗಾರಿಕೆ, ವಿದ್ಯೆ, ಆರೋಗ್ಯ ಮೊದಲಾದವುಗಳ 35 ಸೂಚಕಗಳನ್ನು ಕೂಡಿಸಿತು. 2002ರ ಅದರ ವರದಿಯು ಕರ್ನಾಟಕದ ಅಂದಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವೆಂದು ಕಂಡಿತು. ಬೆಂಗಳೂರೆಂಬ ದೀಪವು ಪ್ರಖರವಾಗಿದ್ದರೂ ಬೆಳಕು ತಾನಾಗಿ ಹರಡಲಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಈಚೆಗೆ ಕೋಲಾರದ ಬಳಿಯ ನರಸಾಪುರಕ್ಕೆ ಹೊಸ ಕಾರ್ಖಾನೆಗಳು ಬಂದಿವೆ. ಬಂಡವಾಳವು ಮರಳಿ ಜಿಲ್ಲೆಯನ್ನು ಹೊಕ್ಕಿತೆಂದು ಸಂತೋಷಪಡೋಣ. ಆದರೆ ಹಳೆಯ ಪಾಠವನ್ನು ಮರೆಯದಿರೋಣ. ಕಾರ್ಖಾನೆಯ ಕೂಲಿಯೊಡನೆ, ಅದು ಮುಚ್ಚಿದರೂ ಮುಚ್ಚದ ಶಾಲೆ, ಆಸ್ಪತ್ರೆ, ಕುಡಿಯುವ ನೀರು ಇವುಗಳನ್ನೂ ಊರು ಕೇಳಿ ಪಡೆಯಬೇಕು. ಗೃಹಸ್ಥರಾದ ನಾವು ಮನೆಯಲ್ಲಿ ಗಳಿಕೆಯಷ್ಟೇ ಉಳಿಕೆಯನ್ನೂ ಗಮನಿಸುವೆವಷ್ಟೆ. ಊರಿನ ವಿಷಯದಲ್ಲಿಯೂ ಅದೇ ನ್ಯಾಯವು ಸಲ್ಲುವುದು.