ಕೊಪ್ಪಳ ಜಿಲ್ಲೆಯ ಬೀದಿಬದಿ ಆಹಾರ ಮಾರುಕಟ್ಟೆ

ಕೊಪ್ಪಳ ಜಿಲ್ಲೆಯ ಬೀದಿಬದಿ ಆಹಾರ ಮಾರುಕಟ್ಟೆ ಎಂಬುದು ಕರ್ನಾಟಕದ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಮೊದಲಾದ ಪಟ್ಟಣಗಳಲ್ಲಿ ತಳ್ಳುಗಾಡಿ, ಡಬ್ಬಿ ಅಂಗಡಿ ಹಾಗೂ ಸಣ್ಣ ಖಾನಾವಳಿಗಳ ಮೂಲಕ ನಡೆಯುವ ಸಿದ್ಧ ತಿನಿಸುಗಳ ವ್ಯಾಪಾರವಾಗಿದೆ. ಒಗ್ಗರಣೆ ಮಂಡಕ್ಕಿ ಮತ್ತು ಮಿರ್ಚಿ ಭಜಿ ಇದರ ಪ್ರಮುಖ ತಿನಿಸುಗಳು. ಇಂತಹ ವ್ಯಾಪಾರವನ್ನು ನೀರು, ಚರಂಡಿ, ಬೆಳಕುಗಳಿರುವ ಶಾಶ್ವತ ಸೂರಿನಡಿ ತರುವ ಮಾದರಿಗಳು ದೇಶವಿದೇಶಗಳಲ್ಲಿವೆ. ಸ್ಥಳಾಂತರದ ನಂತರವೂ ವ್ಯಾಪಾರಿಗೆ ಗಿರಾಕಿ ಉಳಿಯುತ್ತಾನೆಯೇ ಎಂಬುದು ಆ ಮಾದರಿಗಳ ಮುಖ್ಯ ಪ್ರಶ್ನೆಯಾಗಿದೆ.

ಹಿನ್ನೆಲೆ

ಕೊಪ್ಪಳ ಜಿಲ್ಲೆಯು 1997ರಲ್ಲಿ ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾಯಿತು. ಗಂಗಾವತಿ ಭಾಗವು ತುಂಗಭದ್ರಾ ಎಡದಂಡೆ ಕಾಲುವೆಯ ನೀರಾವರಿಗೆ ಒಳಪಟ್ಟಿದ್ದು, ಭತ್ತದ ಬೆಳೆಗೂ ಅಕ್ಕಿ ಗಿರಣಿಗಳಿಗೂ ಹೆಸರಾಗಿದೆ. ಕುಷ್ಟಗಿ ಮತ್ತು ಯಲಬುರ್ಗಾ ಭಾಗಗಳು ಹೆಚ್ಚಾಗಿ ಮಳೆಯಾಶ್ರಿತ ಪ್ರದೇಶಗಳಾಗಿದ್ದು, ಅಲ್ಲಿ ಜೋಳ, ಸಜ್ಜೆ, ಕಡಲೆ ಮತ್ತು ಶೇಂಗಾ ಬೆಳೆಯುತ್ತಾರೆ. ಈ ಎರಡೂ ಬಗೆಯ ಬೇಸಾಯದ ಗುರುತು ಬೀದಿಬದಿಯ ತಟ್ಟೆಯಲ್ಲಿ ಕಾಣುತ್ತದೆ: ಮಂಡಕ್ಕಿ ಭತ್ತದಿಂದ ತಯಾರಾಗುತ್ತದೆ, ಭಜಿಯ ಹಿಟ್ಟು ಕಡಲೆಯಿಂದ ಬರುತ್ತದೆ, ಖಾನಾವಳಿಗಳಲ್ಲಿ ಜೋಳದ ರೊಟ್ಟಿಯೊಡನೆ ಶೇಂಗಾ ಚಟ್ನಿ ಬಡಿಸಲಾಗುತ್ತದೆ.

ಪ್ರಮುಖ ತಿನಿಸುಗಳು

ಒಗ್ಗರಣೆ: ಬೆಳಗಿನ ಉಪಾಹಾರವಾಗಿ ಇದು ಹೆಚ್ಚು ಬಳಕೆಯಲ್ಲಿದೆ. ಮಂಡಕ್ಕಿಯನ್ನು ನೀರಿನಲ್ಲಿ ನೆನೆಸಿ, ಕೂಡಲೇ ಹಿಂಡಿ ತೆಗೆದು, ಎಣ್ಣೆಯಲ್ಲಿ ಬೆಂದ ಈರುಳ್ಳಿ, ಹಸಿಮೆಣಸಿನಕಾಯಿ, ಸಾಸಿವೆ, ಕರಿಬೇವು ಮತ್ತು ಅರಿಶಿನದೊಂದಿಗೆ ಬೆರೆಸುತ್ತಾರೆ. ಮೇಲೆ ಪುಟಾಣಿ ಹಿಟ್ಟು ಉದುರಿಸುತ್ತಾರೆ. ಆಡುಮಾತಿನಲ್ಲಿ ಇದನ್ನು ‘ವಗ್ಗರಣಿ’ ಎನ್ನುವರು. ಇದನ್ನೇ ಹೋಲುವ ತಿನಿಸನ್ನು ದಾವಣಗೆರೆ, ಬಳ್ಳಾರಿ ಕಡೆಗಳಲ್ಲಿ ‘ಸುಸಲ’ ಎಂದು ಕರೆಯುತ್ತಾರೆ. ಹುಬ್ಬಳ್ಳಿ-ಧಾರವಾಡ ಭಾಗದ ಗಿರ್ಮಿಟ್‌ನಲ್ಲಿ ಮಂಡಕ್ಕಿಯನ್ನು ನೆನೆಸದೆ ಒಣದಾಗಿಯೇ ಬಳಸುವುದರಿಂದ ಅದು ಒಗ್ಗರಣೆಗಿಂತ ಭಿನ್ನವಾಗಿದೆ.

ಮಿರ್ಚಿ ಭಜಿ: ಉದ್ದನೆಯ ಹಸಿಮೆಣಸಿನಕಾಯಿಯನ್ನು ಸೀಳಿ, ಕಡಲೆಹಿಟ್ಟಿನಲ್ಲಿ ಅದ್ದಿ ಎಣ್ಣೆಯಲ್ಲಿ ಕರಿಯಲಾಗುತ್ತದೆ. ಒಗ್ಗರಣೆಯೊಂದಿಗೆ ಮಿರ್ಚಿಯನ್ನು ಕೊಡುವುದು ಈ ಭಾಗದ ರೂಢಿ. ಕೊಪ್ಪಳದ ಗವಿಸಿದ್ಧೇಶ್ವರ ಮಠದ ವಾರ್ಷಿಕ ಜಾತ್ರೆಯ ಮಹಾದಾಸೋಹದಲ್ಲಿ ಇತ್ತೀಚಿನ ವರ್ಷಗಳಿಂದ ಲಕ್ಷಾಂತರ ಮಿರ್ಚಿಗಳನ್ನು ಕರಿದು ಭಕ್ತರಿಗೆ ಬಡಿಸಲಾಗುತ್ತಿದೆ.

ವ್ಯಾಪಾರದ ಸ್ವರೂಪ

ಬಸ್ ನಿಲ್ದಾಣ, ಸಂತೆ ಮೈದಾನ, ಕೃಷಿ ಮಾರುಕಟ್ಟೆ ಹಾಗೂ ಸರ್ಕಾರಿ ಕಚೇರಿಗಳ ಆಸುಪಾಸು ಬೀದಿಬದಿ ಆಹಾರ ವ್ಯಾಪಾರಕ್ಕೆ ಅನುಕೂಲವಾದ ಸ್ಥಳಗಳು. ಹಳ್ಳಿಯಿಂದ ಮುಂಜಾನೆ ಬಂದಿಳಿಯುವ ರೈತ, ಕೂಲಿಕಾರ ಮತ್ತು ವಿದ್ಯಾರ್ಥಿಗಳು ಇದರ ಮುಖ್ಯ ಗಿರಾಕಿಗಳು. ಇವರು ತಿನಿಸನ್ನು ಹುಡುಕಿಕೊಂಡು ದೂರ ಹೋಗುವವರಲ್ಲ. ದಾರಿಯಲ್ಲಿ ಸಿಕ್ಕಿದ್ದನ್ನು ನಿಂತು ತಿಂದು ಹೋಗುವವರು. ಆದ್ದರಿಂದ ಗಾಡಿಯ ಜಾಗ ನೂರು ಮಾರು ಸರಿದರೂ ವ್ಯಾಪಾರ ಕುಸಿಯಬಹುದು. ಮಳೆ, ಧೂಳು, ಕುಡಿಯುವ ನೀರಿನ ಅಭಾವ ಮತ್ತು ತೆರವಿನ ಭಯ ಈ ವೃತ್ತಿಯ ನಿತ್ಯದ ತೊಡಕುಗಳಾಗಿವೆ.

ಕಾನೂನು

ಬೀದಿಬದಿ ವ್ಯಾಪಾರಿಗಳ (ಜೀವನೋಪಾಯ ಸಂರಕ್ಷಣೆ ಮತ್ತು ಬೀದಿ ವ್ಯಾಪಾರ ನಿಯಂತ್ರಣ) ಕಾಯ್ದೆ, 2014 ಈ ವ್ಯಾಪಾರಿಗಳಿಗೂ ಅನ್ವಯಿಸುತ್ತದೆ. ಇದರಂತೆ ಪ್ರತಿ 5 ವರ್ಷಗಳಿಗೊಮ್ಮೆಯಾದರೂ ವ್ಯಾಪಾರಿಗಳ ಸಮೀಕ್ಷೆ ನಡೆಯಬೇಕು. ಸಮೀಕ್ಷೆ ಮುಗಿದು ಪ್ರಮಾಣಪತ್ರ ನೀಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಪಟ್ಟಣ ವ್ಯಾಪಾರ ಸಮಿತಿಯ ಸದಸ್ಯರಲ್ಲಿ ಕನಿಷ್ಠ ಶೇ. 40ರಷ್ಟು ಮಂದಿ ವ್ಯಾಪಾರಿಗಳ ಚುನಾಯಿತ ಪ್ರತಿನಿಧಿಗಳಾಗಿರಬೇಕು; ಅವರಲ್ಲಿ ಮೂರನೆಯ ಒಂದು ಭಾಗ ಮಹಿಳೆಯರಿರಬೇಕು. ಸ್ಥಳಾಂತರಕ್ಕೆ ಮುನ್ನ 30 ದಿನಗಳ ತಿಳಿವಳಿಕೆ ಪತ್ರ ನೀಡುವುದು ಕಡ್ಡಾಯ. ಕರಿದ ತಿನಿಸುಗಳಿಗೆ ಸಂಬಂಧಿಸಿದಂತೆ, ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ಒಟ್ಟು ಧ್ರುವೀಯ ಸಂಯುಕ್ತಗಳ ಪ್ರಮಾಣ ಶೇ. 25ನ್ನು ಮೀರಬಾರದೆಂಬ ಆಹಾರ ಸುರಕ್ಷತಾ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ.

ಶಾಶ್ವತ ಮಾರುಕಟ್ಟೆಯ ಮಾದರಿಗಳು

ಬೀದಿಬದಿ ಆಹಾರವನ್ನು ಸೂರಿನಡಿ ತಂದ ಪ್ರಯೋಗಗಳಲ್ಲಿ ಸಿಂಗಾಪುರದ್ದು ಪ್ರಸಿದ್ಧವಾಗಿದೆ. ಅಲ್ಲಿ 1971ರಿಂದ 1986ರ ಅವಧಿಯಲ್ಲಿ ರಸ್ತೆಬದಿಯ ವ್ಯಾಪಾರಿಗಳನ್ನು ಕೊಳಾಯಿ, ಚರಂಡಿ ಮತ್ತು ವಿದ್ಯುತ್ ಸೌಲಭ್ಯವಿದ್ದ ಸಾರ್ವಜನಿಕ ಕಟ್ಟಡಗಳಿಗೆ ಸ್ಥಳಾಂತರಿಸಲಾಯಿತು. ಈ ಕೇಂದ್ರಗಳ ಸಂಸ್ಕೃತಿಯನ್ನು ಯುನೆಸ್ಕೋ 2020ರಲ್ಲಿ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಭಾರತದಲ್ಲಿ ಬೀದಿಯನ್ನು ಬಿಡದೆ ಅಲ್ಲಿಯೇ ಶುಚಿತ್ವವನ್ನು ಸುಧಾರಿಸುವ ಕ್ರಮಕ್ಕೆ ಒತ್ತು ದೊರೆತಿದೆ. ಅಹಮದಾಬಾದಿನ ಕಾಂಕರಿಯಾ ಕೆರೆಯ ಪ್ರದೇಶವು 2018ರಲ್ಲಿ ದೇಶದ ಮೊದಲ ‘ಸ್ವಚ್ಛ ಬೀದಿ ಆಹಾರ ಕೇಂದ್ರ’ವೆಂಬ ಮಾನ್ಯತೆ ಪಡೆಯಿತು. ದೇಶದಲ್ಲಿ 100 ಆಹಾರ ಬೀದಿಗಳನ್ನು ಅಭಿವೃದ್ಧಿಪಡಿಸುವ ಯೋಜನೆಯನ್ನು ಕೇಂದ್ರ ಸರ್ಕಾರ 2023ರಲ್ಲಿ ಪ್ರಕಟಿಸಿ, ಪ್ರತಿ ಬೀದಿಗೆ 1 ಕೋಟಿ ರೂಪಾಯಿ ನೆರವು ಗೊತ್ತುಪಡಿಸಿತು. ಕರ್ನಾಟಕದಲ್ಲಿ ಬೆಂಗಳೂರಿನ ಸಜ್ಜನ್ ರಾವ್ ವೃತ್ತದ ಬಳಿಯಿರುವ ವಿಶ್ವೇಶ್ವರಪುರದ ‘ತಿಂಡಿ ಬೀದಿ’ ಇಂತಹ ಸ್ಥಿರ ಮಾರುಕಟ್ಟೆಗೆ ಹತ್ತಿರದ ನಿದರ್ಶನವಾಗಿದೆ; ಆದರೆ ಅದು ತೆರೆದ ಬೀದಿಯಲ್ಲಿದೆ.

ಕೊಪ್ಪಳದಂತಹ ಪಟ್ಟಣಗಳಿಗೆ ಅನ್ವಯ

ಮಿರ್ಚಿಯನ್ನು ಗಿರಾಕಿಯ ಕಣ್ಣೆದುರೇ ಕರಿದು ಬಿಸಿಯಾಗಿ ಕೊಡಬೇಕಾದ್ದರಿಂದ, ಒಳಾಂಗಣ ಮಾರುಕಟ್ಟೆಗೆ ಹೊಗೆ ಹೊರಹೋಗುವ ಮಾರ್ಗ, ಬೆಂಕಿ ನಂದಿಸುವ ಸಾಧನ ಮತ್ತು ಬಳಸಿದ ಎಣ್ಣೆಯ ವಿಲೇವಾರಿ ವ್ಯವಸ್ಥೆ ಅವಶ್ಯವಾಗುತ್ತದೆ. ಇವುಗಳ ವೆಚ್ಚವೆಲ್ಲ ಬಾಡಿಗೆಯಾಗಿ ವ್ಯಾಪಾರಿಯ ಮೇಲೆ ಬಿದ್ದರೆ ತಿನಿಸಿನ ಬೆಲೆ ಏರಿ, ಕೂಲಿಕಾರನ ಉಪಾಹಾರವೆಂಬ ಅದರ ಗುಣ ನಷ್ಟವಾಗುತ್ತದೆ. ಬಸ್ ನಿಲ್ದಾಣ ಅಥವಾ ಸಂತೆಗೆ ಹೊಂದಿಕೊಂಡ ಜಾಗ, ಕಡಿಮೆ ಬಾಡಿಗೆ ಹಾಗೂ ಮಳಿಗೆ ಹಂಚಿಕೆಯಲ್ಲಿ ಈಗಿರುವ ವ್ಯಾಪಾರಿಗಳಿಗೇ ಆದ್ಯತೆ, ಈ ಮೂರೂ ಇದ್ದಾಗ ಮಾತ್ರ ಸೂರು ಅವರಿಗೆ ರಕ್ಷಣೆಯಾಗಬಲ್ಲದು; ಇಲ್ಲವಾದಲ್ಲಿ ಅದು ತೆರವಿನ ಇನ್ನೊಂದು ರೂಪವಾಗುತ್ತದೆ.